ಹದಿಹರೆಯದ ಮಕ್ಕಳ ಗುಂಪನ್ನು ವಿನಿಮಯ ಪ್ರವಾಸಕ್ಕೆ ಜಪಾನಿಗೆ ಕರೆದುಕೊಂಡು ಹೋಗುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಈ ಪ್ರವಾಸದ ಬಗ್ಗೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವಿರುತ್ತಾರೆ. ವಿಮಾನದ ಟಿಕೆಟ್ ತೆಗೆದಾಗಿದೆ, ಹದಿನಾಲ್ಕು ಮಕ್ಕಳ ಹೆಸರು ಬರೆದಾಗಿದೆ, ಆಮೇಲೆ ಜಪಾನಿನ ಶಾಲೆಗೆ ಮೊದಲ ಇಮೇಲ್ ಹೋಗುತ್ತದೆ. ಉತ್ತರ ತುಂಬಾ ವಿನಯದಿಂದ ಬರುತ್ತದೆ: ಆ ವಾರ ನಮ್ಮಲ್ಲಿ ಪರೀಕ್ಷೆ. ಅಲ್ಲಿಗೆ ವಿನಿಮಯ ಮುಗಿಯಿತು, ಉಳಿದದ್ದು ಊರು ಸುತ್ತುವ ಟೂರ್.

ಕ್ರಮ ಹೀಗಿರಲಿ: ಮೊದಲು ಆ ಕಡೆಯ ಜನ, ಆಮೇಲೆ ದಿನಾಂಕ, ಆಮೇಲೆ ಮಕ್ಕಳು ಮತ್ತು ಅವರ ಕಾಗದಪತ್ರ. ಟಿಕೆಟ್ ಅದಾದ ಮೇಲೆ. ನಾನು ಇಲ್ಲಿ ಇಟ್ಟುಕೊಂಡಿರುವ ಲೆಕ್ಕ 13ರಿಂದ 17 ವಯಸ್ಸಿನ 12–16 ಮಕ್ಕಳು, ಎರಡು ವಾರ, ಅದರಲ್ಲಿ ಮೂರ್ನಾಲ್ಕು ರಾತ್ರಿ ಜಪಾನಿ ಕುಟುಂಬದ ಮನೆಯಲ್ಲಿ, ಒಂದೆರಡು ದಿನ ಅಲ್ಲಿನ ಶಾಲೆಯಲ್ಲಿ.

ಶುರು ಮಾಡುವ ಮೊದಲು ಬೇಕಾದವು

- ಎಲ್ಲ ಹಿರಿಯರೂ ನೋಡಬಹುದಾದ ಒಂದೇ ಸ್ಪ್ರೆಡ್‌ಶೀಟ್. ಎರಡಾದರೆ ಎರಡರಲ್ಲೂ ತಪ್ಪಿರುತ್ತದೆ.
- ಪ್ರತಿ ಮಗುವಿನ ಪಾಸ್‌ಪೋರ್ಟ್ ಪುಟದ ಸ್ಕ್ಯಾನ್, ಜೊತೆಗೆ ಕಾಗದದ ಪ್ರತಿ.
- ಜಪಾನಿ ಭಾಷೆ ಓದಿ ಬರೆಯಬಲ್ಲ ಒಬ್ಬರು. ಪ್ರವಾಸಕ್ಕೆ ಬರಬೇಕೆಂದಿಲ್ಲ, ಪತ್ರ ನೋಡಿಕೊಟ್ಟರೆ ಸಾಕು.
- ಒಂದು ದಪ್ಪ ಫೈಲ್. ಫೋನ್ ಸತ್ತ ದಿನ ಇದರ ಬೆಲೆ ಗೊತ್ತಾಗುತ್ತದೆ.

ಹಂತ 1: ಆ ಕಡೆಯ ಜನರನ್ನು ಹುಡುಕಿ (10–12 ತಿಂಗಳ ಮೊದಲು)

ಮೂರು ದಾರಿಗಳಿವೆ. ನಿಮ್ಮ ಊರಿಗೆ ಜಪಾನಿನ ಯಾವುದಾದರೂ ಊರಿನ ಜೊತೆ ಸೋದರಿ ನಗರದ ಒಪ್ಪಂದ ಇದೆಯಾ ನೋಡಿ. ಇದ್ದರೆ ಆ ಊರಿನ ‘ಕೊಕುಸಾಯ್ ಕೋರ್ಯೂ ಕ್ಯೋಕಾಯ್’, ಅಂದರೆ ಅಂತರರಾಷ್ಟ್ರೀಯ ವಿನಿಮಯ ಸಂಘಕ್ಕೆ ಬರೆಯಿರಿ. ಎರಡನೆಯದು, ಜಪಾನ್ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆ ಜೆಎನ್‌ಟಿಒ. ಶಾಲಾ ಗುಂಪುಗಳಿಗಾಗಿಯೇ ಅದರಲ್ಲಿ ಶೈಕ್ಷಣಿಕ ಪ್ರವಾಸದ ವಿಭಾಗವಿದೆ. ಪ್ರಾಂತ್ಯಗಳಲ್ಲಿ ಯಾರನ್ನು ಕೇಳಬೇಕು ಅನ್ನುವುದು ಅಲ್ಲಿ ಸಿಗುತ್ತದೆ. ಮೂರನೆಯದು, ಹಳ್ಳಿಗಳ ಕೃಷಿ ಮನೆ ವಾಸ. ಊರಿನ ಒಂದು ಕಚೇರಿಯೇ ಮನೆಗಳನ್ನು ಹೊಂದಿಸಿ ಮೂರು ಮೂರು, ನಾಲ್ಕು ನಾಲ್ಕು ಮಕ್ಕಳನ್ನು ಹಂಚುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಈ ಮೂರನೆಯದನ್ನೇ. ಗುಂಪು ಬಂದು ಹೋಗುವುದು ಆ ಮನೆಯವರಿಗೆ ಹೊಸದಲ್ಲ.

ಮೊದಲ ಪತ್ರ ಒಂದು ಪುಟ ಮೀರದಿರಲಿ. ಎಷ್ಟು ಮಕ್ಕಳು, ವಯಸ್ಸೆಷ್ಟು, ಹುಡುಗರೆಷ್ಟು ಹುಡುಗಿಯರೆಷ್ಟು, ಯಾವ ಭಾಷೆ ಬರುತ್ತದೆ, ಯಾವ ಎರಡು ಮೂರು ವಾರಗಳು ಆಗಬಹುದು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಮುಖ್ಯವಾದದ್ದೇ: ನಿಮ್ಮ ಮಕ್ಕಳು ಅಲ್ಲಿ ಏನು ಮಾಡಿ ತೋರಿಸುತ್ತಾರೆ? ಇಪ್ಪತ್ತು ನಿಮಿಷದ ಹಾಡು, ಆಟ, ಏನಾದರೂ ಕಲಿಸುವುದು. ಇದಿಲ್ಲದ ಪತ್ರ ‘ನಮ್ಮನ್ನು ನೋಡಿಕೊಳ್ಳಿ’ ಅಂತ ಕೇಳಿದ ಹಾಗಿರುತ್ತದೆ.

ಎಚ್ಚರಿಕೆಯ ಗುರುತು: ‘ಪರಿಶೀಲಿಸುತ್ತೇವೆ’ ಅಂತ ಬಂದು ಎರಡು ವಾರ ಸದ್ದಿಲ್ಲದಿದ್ದರೆ ಅದು ಬಹುಪಾಲು ‘ಇಲ್ಲ’. ಮಾತಿನಲ್ಲಿ ‘ಚೊತ್ತೊ...’ (‘ಸ್ವಲ್ಪ...’) ಅಂತ ಎಳೆದು ನಿಲ್ಲಿಸಿದರೂ ಅಷ್ಟೇ. ಬಾಯಿಬಿಟ್ಟು ‘ಆಗಲ್ಲ’ ಅನ್ನುವವರು ಕಡಿಮೆ. ಒತ್ತಾಯ ಮಾಡಬೇಡಿ, ಧನ್ಯವಾದ ಹೇಳಿ ಬೇರೆ ಕಡೆ ಬರೆಯಿರಿ.

ಇನ್ನೊಂದು ಗುಂಡಿ ಏಪ್ರಿಲ್ ತಿಂಗಳು. ಜಪಾನಿನ ಶಾಲಾ ವರ್ಷ ಶುರುವಾಗುವುದು ಆಗ. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ವರ್ಗವಾಗುವುದೂ ಆಗಲೇ. ಚಳಿಗಾಲವಿಡೀ ನಿಮ್ಮ ಜೊತೆ ಪತ್ರ ಬರೆದವರು ಏಪ್ರಿಲ್ 1ರಂದು ಬೇರೆ ಊರಲ್ಲಿರುತ್ತಾರೆ, ಹೊಸಬರಿಗೆ ನಿಮ್ಮ ವಿಷಯವೇ ಗೊತ್ತಿರುವುದಿಲ್ಲ. ನನಗೆ ಹಾಗಾಗಿದೆ. ಈಗ ಮಾರ್ಚ್ ಮೊದಲ ವಾರವೇ ‘ದಯವಿಟ್ಟು ಇನ್ನೊಬ್ಬರನ್ನೂ ಈ ಇಮೇಲಿನಲ್ಲಿ ಸೇರಿಸಿ’ ಅಂತ ಕೇಳಿಕೊಳ್ಳುತ್ತೇನೆ.

ಹಂತ 2: ದಿನಾಂಕ (9–10 ತಿಂಗಳ ಮೊದಲು)

ನಿಮಗೆ ರಜೆ ಇರುವಾಗ ಅವರಿಗೂ ರಜೆ ಇದ್ದರೆ ಶಾಲೆಯೇ ಸಿಗುವುದಿಲ್ಲ. ಬೇಸಿಗೆ ರಜೆ ಹೆಚ್ಚಿನ ಕಡೆ ಜುಲೈ 20ರ ಆಸುಪಾಸಿನಿಂದ ಆಗಸ್ಟ್ ಕೊನೆಯವರೆಗೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ‘ಗೋಲ್ಡನ್ ವೀಕ್’ ಅನ್ನುವ ಸಾಲು ರಜೆ, ಆಗಸ್ಟ್ ಮಧ್ಯದಲ್ಲಿ ಓಬೊನ್ ಹಬ್ಬ. ಈ ಎರಡರಲ್ಲೂ ಇಡೀ ದೇಶವೇ ರೈಲಿನಲ್ಲಿರುತ್ತದೆ. ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಕಾಟ ಜಾಸ್ತಿ.

ನನ್ನ ಆಯ್ಕೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯ. ಹವೆ ಹಿತವಾಗಿರುತ್ತದೆ, ಶಾಲೆಗಳಲ್ಲಿ ‘ಬುಂಕಾಸಾಯ್’ ಅನ್ನುವ ಸಾಂಸ್ಕೃತಿಕ ಹಬ್ಬವೂ ಸಾಮಾನ್ಯವಾಗಿ ಈ ಕಾಲದಲ್ಲೇ. ಪರೀಕ್ಷೆಯ ವಾರ ಶಾಲೆಯಿಂದ ಶಾಲೆಗೆ ಬೇರೆ. ಕೇಳಿಯೇ ತಿಳಿಯಬೇಕು.

ಹಂತ 3: ಮಕ್ಕಳು, ಜೊತೆಗೆ ಹೋಗುವ ಹಿರಿಯರು

ಈ ಅಳತೆಯ ಗುಂಪಿಗೆ ಮೂವರು ಹಿರಿಯರು ಬೇಕು. ಇಬ್ಬರು ಸಾಲದು. ಒಂದು ಮಗುವಿಗೆ ಜ್ವರ ಬಂತು, ಒಬ್ಬರು ಆಸ್ಪತ್ರೆಗೆ ಹೋದರು ಅಂತಿಟ್ಟುಕೊಳ್ಳಿ. ಉಳಿದವರನ್ನು ಒಬ್ಬರೇ ರೈಲು ಹತ್ತಿಸಲು ಆಗುವುದಿಲ್ಲ. ಗಂಡಸರೂ ಹೆಂಗಸರೂ ಇರಬೇಕು.

ಮಕ್ಕಳ ಜೊತೆ ಮಾತಾಡುವಾಗ ಅಪ್ಪ ಅಮ್ಮ ಹೊರಗಿರಲಿ. ‘ನಿನಗೆ ಹೋಗಬೇಕು ಅನ್ನಿಸುತ್ತಾ?’ ಅಂತ ಮಗುವನ್ನೇ ಕೇಳಿ. ಮನೆಯವರ ಆಸೆಗೆ ಹೊರಟ ಮಗು ಮೂರನೆಯ ದಿನ ಅಳಲು ಶುರು ಮಾಡುತ್ತದೆ.

ಹೋಮ್‌ಸ್ಟೇಗೆ ಜೋಡಿ ಮಾಡುವಾಗ ಆಪ್ತ ಗೆಳೆಯರನ್ನು ಒಟ್ಟಿಗೆ ಹಾಕಬೇಡಿ. ಇಬ್ಬರೂ ತಮ್ಮ ತಮ್ಮಲ್ಲೇ ಪಿಸುಗುಟ್ಟುತ್ತಾ ಕೂರುತ್ತಾರೆ, ಮನೆಯವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ಒಂದು ಮಾತುಗಾರ, ಒಂದು ಕೆಲಸಕ್ಕೆ ಕೈಹಾಕುವ ಮಗು, ಈ ಜೋಡಿ ಚೆನ್ನಾಗಿ ಕೂಡಿಬರುತ್ತದೆ. ಒಬ್ಬರನ್ನೇ ಒಂದು ಮನೆಗೆ ಕಳಿಸಬೇಡಿ.

ಹಂತ 4: ಕಾಗದಪತ್ರ (6 ತಿಂಗಳ ಮೊದಲಿನಿಂದ)

ಪಾಸ್‌ಪೋರ್ಟ್: ಅವಧಿ ಮುಗಿಯುವ ದಿನಾಂಕವನ್ನು ನೀವೇ ಕಣ್ಣಾರೆ ನೋಡಿ. ‘ಇದೆ ಸರ್’ ಅನ್ನುವ ಮಾತನ್ನು ನಂಬಬೇಡಿ. ಮಕ್ಕಳ ಪಾಸ್‌ಪೋರ್ಟ್ ಅವಧಿ ಅನೇಕ ದೇಶಗಳಲ್ಲಿ ದೊಡ್ಡವರದ್ದಕ್ಕಿಂತ ಕಡಿಮೆ. ವಾಪಸ್ ಬರುವ ದಿನದಿಂದಾಚೆ ಆರು ತಿಂಗಳಾದರೂ ಇರಲಿ. ದಾರಿಯಲ್ಲಿ ವಿಮಾನ ಬದಲಿಸುವ ದೇಶ ಅದನ್ನು ಕೇಳಬಹುದು.

ವೀಸಾ: ಬೇಕೋ ಬೇಡವೋ ಅನ್ನುವುದು ಯಾವ ದೇಶದ ಪಾಸ್‌ಪೋರ್ಟ್ ಅನ್ನುವುದರ ಮೇಲೆ ನಿಂತಿದೆ. ಬೇಕಾದವರು ಎರಡು ಸಂಗತಿ ನೆನಪಿಡಿ. ಒಂದು ಸಲದ ಪ್ರವೇಶದ ವೀಸಾ ಕೊಟ್ಟ ದಿನದಿಂದ ಸಾಮಾನ್ಯವಾಗಿ 3 ತಿಂಗಳು ಮಾತ್ರ ನಡೆಯುತ್ತದೆ. ಆತುರಪಟ್ಟು ಐದು ತಿಂಗಳ ಮೊದಲೇ ಹಾಕಿದರೆ ಪ್ರಯೋಜನವಿಲ್ಲ. ಎರಡನೆಯದು, ಅರ್ಜಿ ತಿರಸ್ಕಾರವಾದರೆ ಅದೇ ಉದ್ದೇಶಕ್ಕೆ 6 ತಿಂಗಳು ಮತ್ತೆ ಹಾಕುವ ಹಾಗಿಲ್ಲ. ಆ ಮಗುವಿನ ಪ್ರವಾಸ ಅಲ್ಲಿಗೆ ನಿಂತಂತೆ. ಆದ್ದರಿಂದ ಅರ್ಜಿ, ಆಹ್ವಾನ ಪತ್ರ, ಮಕ್ಕಳ ಪಟ್ಟಿ, ಮೂರರಲ್ಲೂ ಹೆಸರಿನ ಅಕ್ಷರ ಪಾಸ್‌ಪೋರ್ಟಿನ ಹಾಗೇ ಇದೆಯಾ ಅಂತ ಒಬ್ಬರು ಓದಿ ಇನ್ನೊಬ್ಬರು ನೋಡಬೇಕು.

ಒಪ್ಪಿಗೆ ಪತ್ರ: ಜಪಾನಿನಲ್ಲಿ 2022ರ ಏಪ್ರಿಲ್‌ನಿಂದ 18 ತುಂಬಿದವರು ವಯಸ್ಕರು. ಅದಕ್ಕಿಂತ ಚಿಕ್ಕವರಿಗೆ ಹೋಟೆಲ್ ಒಪ್ಪಿಗೆ ಪತ್ರ ಕೇಳಬಹುದು, ಆಸ್ಪತ್ರೆ ಕೇಳಿಯೇ ಕೇಳುತ್ತದೆ ಅಂತ ಇಟ್ಟುಕೊಳ್ಳಿ. ಪ್ರಯಾಣಕ್ಕೆ ಒಂದು, ಚಿಕಿತ್ಸೆಗೆ ಒಂದು, ಹೀಗೆ ಎರಡು ಬೇರೆ ಪತ್ರ ಮಾಡಿಸಿ. ತಂದೆ ತಾಯಿ ಇಬ್ಬರ ಸಹಿಯೂ ಇರಲಿ. ಜಪಾನಿ ಅನುವಾದ ಹಿಂದೆ ಪಿನ್ ಮಾಡಿ.

ವಿಸಿಟ್ ಜಪಾನ್ ವೆಬ್: ವಲಸೆ ಮತ್ತು ಕಸ್ಟಮ್ಸ್ ವಿವರ ಮೊದಲೇ ತುಂಬಿ ಕ್ಯೂಆರ್ ಕೋಡ್ ಪಡೆಯುವ ಸರ್ಕಾರಿ ತಾಣ. ವಿಮಾನ ನಿಲ್ದಾಣದ ವೈಫೈ ನಂಬಿ ಕೂರಬೇಡಿ. ಹೊರಡುವ ಹಿಂದಿನ ವಾರ ಎಲ್ಲರೂ ತುಂಬಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ.

ಗುಂಪಿನಲ್ಲಿ 16 ಅನ್ನುವ ಗೆರೆ ಗೊತ್ತಿರಲಿ. 16 ತುಂಬಿದವರ ಬೆರಳಚ್ಚು, ಫೋಟೋ ತೆಗೆಯುತ್ತಾರೆ. ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು ಅನ್ನುವ ಕಾನೂನೂ ಅವರಿಗೆ ಅನ್ವಯಿಸುತ್ತದೆ. ‘ಕಳೆದುಹಾಕ್ತಾರೆ’ ಅಂತ ಎಲ್ಲರ ಪಾಸ್‌ಪೋರ್ಟನ್ನೂ ಮುಖ್ಯಸ್ಥರೇ ಇಟ್ಟುಕೊಳ್ಳುವುದು ಸಾಮಾನ್ಯ ತಪ್ಪು.

ಹಂತ 5: ಔಷಧ ಮತ್ತು ಊಟದ ಚೀಟಿ

ಗಡಿಯಲ್ಲೇ ಸಿಕ್ಕಿಬೀಳುವ ವಿಷಯ ಇದು. ಬೇರೆ ಕಡೆ ವೈದ್ಯರು ಸಲೀಸಾಗಿ ಬರೆಯುವ ಕೆಲವು ಔಷಧಗಳಿಗೆ ಜಪಾನಿನಲ್ಲಿ ನಿಷೇಧವಿದೆ. ಗಮನ ನಿಲ್ಲದ ತೊಂದರೆಗೆ ಕೊಡುವ ಆಂಫೆಟಮೈನ್ ಮಾತ್ರೆಗಳನ್ನು ವೈದ್ಯರ ಚೀಟಿ ಇದ್ದರೂ ಒಳಗೆ ಬಿಡುವುದಿಲ್ಲ. ಸುಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗೂ ಅದೇ ಗತಿ. ಉಳಿದ ಚೀಟಿ ಔಷಧಗಳು ಸಾಮಾನ್ಯವಾಗಿ ಒಂದು ತಿಂಗಳಿಗೆ ಸಾಕಾಗುವಷ್ಟಾದರೆ ತೊಂದರೆಯಿಲ್ಲ. ಜಾಸ್ತಿ ಬೇಕಿದ್ದರೆ ‘ಯುನ್ಯೂ ಕಾಕುನಿನ್‌ಶೋ’ ಅನ್ನುವ ಆಮದು ದೃಢೀಕರಣ ಪತ್ರವನ್ನು ಮೊದಲೇ ತರಿಸಿಕೊಳ್ಳಬೇಕು. ಮೂರು ತಿಂಗಳ ಮೊದಲೇ ಪ್ರತಿ ಮನೆಯಿಂದ ಔಷಧದ ಪಟ್ಟಿ ತರಿಸಿ. ಬ್ರಾಂಡ್ ಹೆಸರು ಸಾಲದು, ಒಳಗಿನ ರಾಸಾಯನಿಕದ ಹೆಸರು ಬೇಕು.

ಊಟಕ್ಕೆ ‘ಮಾಂಸ ತಿನ್ನುವುದಿಲ್ಲ’ ಅಂತ ಬರೆದರೆ ಮೀನಿನ ಸಾರು ಬರುತ್ತದೆ. ‘ದಾಶಿ’ ಅನ್ನುವ ತಿಳಿಸಾರು ಅಲ್ಲಿನ ಅಡುಗೆಯ ಬುಡದಲ್ಲೇ ಇದೆ. ಅದನ್ನು ಬಹಳ ಸಲ ಒಣಮೀನಿನಿಂದ ಮಾಡುತ್ತಾರೆ. ಮಾಂಸ, ಕೋಳಿ, ಮೀನು, ಮೀನಿನ ದಾಶಿ, ಮೊಟ್ಟೆ, ಜೆಲಾಟಿನ್ ಅಂತ ಒಂದೊಂದಾಗಿ ಬರೆದು ಎದುರಿಗೆ ತಿನ್ನುವ, ತಿನ್ನದ ಗುರುತು ಹಾಕಿದ ಚೀಟಿ ಮಾಡಿ. ಅಲರ್ಜಿಗೆ ಬೇರೆಯೇ ಚೀಟಿ. ಇಷ್ಟವಿಲ್ಲದ್ದನ್ನೂ ಅಪಾಯವಾದದ್ದನ್ನೂ ಒಂದೇ ಚೀಟಿಯಲ್ಲಿ ಬೆರೆಸಬೇಡಿ.

ಬಕ್‌ವೀಟ್ ಅನ್ನುವ ಒಂದು ಧಾನ್ಯವಿದೆ, ಜಪಾನಿಯಲ್ಲಿ ‘ಸೋಬಾ’. ಇದರ ಅಲರ್ಜಿ ಇರುವ ಮಗುವಿದ್ದರೆ ನೂಡಲ್ಸ್ ಬಿಟ್ಟರಷ್ಟೇ ಸಾಲದು. ಕೆಲವು ಮನೆಗಳಲ್ಲಿ, ಹಳೆಯ ವಸತಿಗೃಹಗಳಲ್ಲಿ ದಿಂಬಿನೊಳಗೆ ತುಂಬುವುದು ಸೋಬಾ ಹೊಟ್ಟನ್ನೇ. ಚೀಟಿಯಲ್ಲಿ ‘ದಿಂಬು ಕೂಡ’ ಅಂತ ಸೇರಿಸಿ.

ಹಂತ 6: ಟಿಕೆಟ್, ರೈಲು, ವಸತಿ

ವಿಮಾನ: ಹತ್ತು ಜನ ದಾಟಿದರೆ ಹೆಚ್ಚಿನ ಕಂಪನಿಗಳಲ್ಲಿ ಗುಂಪು ಬುಕಿಂಗ್ ಇರುತ್ತದೆ. ಹೆಸರುಗಳನ್ನು ಕೊನೆಗೆ ಕೊಡುವುದು ಯಾವ ದಿನದವರೆಗೆ, ಹೆಸರು ಬದಲಿಸಲು ಆಗುತ್ತದಾ, ಈ ಎರಡನ್ನು ಬರಹದಲ್ಲಿ ಪಡೆಯಿರಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಚೆಕ್‌ಇನ್ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ.

ರೈಲು: ಇಂತಿಷ್ಟು ದಿನ ಜೆಆರ್ (ಜಪಾನ್ ರೈಲ್ವೆ) ರೈಲುಗಳಲ್ಲಿ ಓಡಾಡಲು ಪ್ರವಾಸಿಗರಿಗೆ ಸಿಗುವ ಜಪಾನ್ ರೈಲ್ ಪಾಸನ್ನು ಕಣ್ಣುಮುಚ್ಚಿ ಕೊಳ್ಳುವ ಕಾಲ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊ–ಕ್ಯೋಟೊ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಒಂದು ದಾರಿಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000 ಆಯಿತು, ಅಷ್ಟೇ ತಾನೇ? ನಿಮ್ಮ ದಾರಿಯನ್ನು ಕಾಗದದ ಮೇಲೆ ಕೂಡಿ ನೋಡಿ. ಅರ್ಧ ಟಿಕೆಟ್ 11 ವರ್ಷದವರೆಗೆ ಮಾತ್ರ, ನಿಮ್ಮ ಮಕ್ಕಳಿಗೆಲ್ಲ ಪೂರ್ತಿ. ಜೆಆರ್ ರೈಲುಗಳಲ್ಲಿ 8 ಜನ ಮೇಲ್ಪಟ್ಟ ಗುಂಪಿಗೆ ರಿಯಾಯಿತಿ ಇದೆ. ಮೊದಲೇ ಅರ್ಜಿ ಹಾಕಬೇಕು.

ಉದ್ದ, ಅಗಲ, ಎತ್ತರ ಕೂಡಿ 160 ಸೆಂ.ಮೀ. ದಾಟುವ ಸೂಟ್‌ಕೇಸ್‌ಗೆ ಟೋಕಿಯೊ–ಒಸಾಕಾ ದಾರಿಯ ತೊಕೈದೊ ಶಿಂಕಾನ್ಸೆನ್‌ನಲ್ಲಿ ಅದಕ್ಕೆಂದೇ ಇರುವ ಸೀಟು ಕಾಯ್ದಿರಿಸಬೇಕು. ಅದಕ್ಕೆ ಮೊದಲೇ ಮಕ್ಕಳಿಗೆ ಅಳತೆ ಹೇಳಿಬಿಡಿ. ದೊಡ್ಡ ಸಾಮಾನನ್ನು ‘ತಕ್ಕ್ಯೂಬಿನ್’ ಸೇವೆಯಲ್ಲಿ ಮುಂದಿನ ಹೋಟೆಲಿಗೆ ಕಳಿಸಿದರೆ ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಹೋಮ್‌ಸ್ಟೇಗೆ ಬೆನ್ನಚೀಲ ಸಾಕು.

ಸುಯಿಕಾದಂಥ ಐಸಿ ಕಾರ್ಡ್ (ಮೊದಲೇ ದುಡ್ಡು ತುಂಬಿ ಗೇಟಿಗೆ ತಟ್ಟುವ ಕಾರ್ಡ್) ಊರೊಳಗಿನ ಓಡಾಟಕ್ಕೆ ಚೆನ್ನ. ಆದರೆ ಟೋಕಿಯೊ ಕಡೆ ಒಳಹೊಕ್ಕು ಒಸಾಕಾ ಕಡೆ ಹೊರಬರಲು ಅದೇ ಕಾರ್ಡ್ ತಟ್ಟಿದರೆ ಗೇಟು ತೆರೆಯುವುದಿಲ್ಲ. ದೂರದ ಪ್ರಯಾಣಕ್ಕೆ ಟಿಕೆಟ್ಟೇ ಬೇಕು.

ವಸತಿ: ಟೋಕಿಯೊದ ಯೊಯೊಗಿಯಲ್ಲಿ ರಾಷ್ಟ್ರೀಯ ಒಲಿಂಪಿಕ್ ಸ್ಮಾರಕ ಯುವ ಕೇಂದ್ರವಿದೆ. ಕಲಿಕೆಯ ಕಾರ್ಯಕ್ರಮ ಇಟ್ಟುಕೊಂಡು ಬರುವ ಯುವ ಗುಂಪುಗಳಿಗೆ ಅಲ್ಲಿ ಉಳಿಯಲು ಸಿಗುತ್ತದೆ. ಕಟ್ಟುನಿಟ್ಟು ಜಾಸ್ತಿ. ನನಗಂತೂ ಅದೇ ಇಷ್ಟ.

ಹಂತ 7: ಮನೆಯೊಳಗಿನ ನಡೆ, ಹೊರಡುವ ಮೊದಲು ತಾಲೀಮು

ಎಲ್ಲರೂ ಹಾರಿಸಿಬಿಡುವ ಹಂತ ಇದು. ಸ್ಲೈಡ್ ತೋರಿಸಿದರೆ ಮಕ್ಕಳಿಗೆ ನೆನಪಿರುವುದಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಮನೆಯ ನಕ್ಷೆ ಬರೆದು ನಡೆಸಿ ನೋಡಿ.

ಬಾಗಿಲ ಒಳಗೆ ತಗ್ಗಿನ ಜಾಗ, ಅದು ‘ಗೆಂಕಾನ್’. ಶೂ ಅಲ್ಲೇ ಬಿಡಬೇಕು. ಬಿಟ್ಟ ಕಾಲನ್ನು ಆ ತಗ್ಗಿನಲ್ಲಿ ಇಡದೆ ನೇರ ಮೇಲಿನ ನೆಲಕ್ಕೆ ಏರಿಸಬೇಕು. ಆಮೇಲೆ ತಿರುಗಿ ಶೂಗಳ ಮೂತಿ ಬಾಗಿಲ ಕಡೆ ಮಾಡಬೇಕು. ಒಳಗೆ ಚಪ್ಪಲಿ ಕೊಡುತ್ತಾರೆ. ‘ತತಾಮಿ’ ಚಾಪೆಯ ಕೋಣೆ ಬಂತೋ, ಆ ಚಪ್ಪಲಿಯೂ ಹೊರಗೆ. ಶೌಚಾಲಯಕ್ಕೆ ಬೇರೆ ಚಪ್ಪಲಿ. ಅದನ್ನೇ ಹಾಕಿಕೊಂಡು ಊಟದ ಮನೆಗೆ ಬರುವ ಮಗು ಪ್ರತಿ ಗುಂಪಿನಲ್ಲೂ ಒಂದಿರುತ್ತದೆ.

ಸ್ನಾನ: ಮೈ ತೊಳೆಯುವುದೆಲ್ಲ ತೊಟ್ಟಿಯ ಹೊರಗೆ, ಸಣ್ಣ ಸ್ಟೂಲಿನ ಮೇಲೆ ಕೂತು. ಸೋಪಿನ ನೊರೆ ಒಂದಿಷ್ಟೂ ಉಳಿಯದ ಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಆ ನೀರು ಇಡೀ ಮನೆಗೆ. ಹೊರಬಂದಾಗ ನೀರು ಬಿಡಬಾರದು, ಮುಚ್ಚಳ ಎಳೆದು ಬರಬೇಕು. ಒಂದು ವರ್ಷ ನಮ್ಮ ಹುಡುಗಿಯೊಬ್ಬಳು ಸ್ವಚ್ಛ ಮಾಡೋಣ ಅಂತ ಒಳ್ಳೆ ಮನಸ್ಸಿನಿಂದಲೇ ಬಿರಡೆ ಕಿತ್ತಳು. ಮನೆಯಲ್ಲಿ ಇನ್ನೂ ನಾಲ್ವರ ಸ್ನಾನ ಬಾಕಿ ಇತ್ತು. ಯಾರೂ ಒಂದು ಮಾತೂ ಆಡಲಿಲ್ಲ. ಅಜ್ಜ ಸುಮ್ನೆ ಟವೆಲ್ ಹೆಗಲಿಗೆ ಹಾಕಿಕೊಂಡು ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೊರಟರು. ಅವಳಿಗೆ ಗೊತ್ತಾದದ್ದು ಎರಡು ದಿನದ ಮೇಲೆ, ಅದೂ ಬೇರೆ ಯಾರಿಂದಲೋ.

ಮನೆಯವರು ತಪ್ಪು ತೋರಿಸುವುದಿಲ್ಲ, ನೆನಪಿಡಿ. ಹಾಗಾಗಿ ಮಕ್ಕಳಿಗೆ ‘ಹೀಗೆ ಮಾಡಿದರೆ ಸರಿಯಾ?’ ಅಂತ ಮೊದಲೇ ಕೇಳುವುದನ್ನು ಕಲಿಸಿ. ನಾಲ್ಕು ಮಾತು ಬಾಯಿಪಾಠ ಆಗಿರಲಿ: ಊಟಕ್ಕೆ ಮುಂಚೆ ‘ಇತದಾಕಿಮಾಸು’, ಆದ ಮೇಲೆ ‘ಗೊಚಿಸೋಸಾಮಾ’, ಹೊರಡುವಾಗ ‘ಇತ್ತೆಕಿಮಾಸು’, ಹೊರಗಿಂದ ಬಂದಾಗ ‘ತದಾಯ್ಮಾ’. ಕೊನೆಯದಕ್ಕೆ ಒಳಗಿಂದ ‘ಒಕಾಎರಿ’ ಅಂತ ದನಿ ಬರುತ್ತದೆ. ಅದು ಬಂದರೆ ಮಗು ಅಲ್ಲಿ ಹೊಂದಿಕೊಂಡಿದೆ ಅಂತ ನನ್ನ ಲೆಕ್ಕ.

ಉಡುಗೊರೆ ಸಣ್ಣದಿರಲಿ. ಮಾಂಸ ಸೇರಿದ ತಿನಿಸು, ಹಸಿ ಹಣ್ಣು ಬೇಡ. ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವನ್ನು ಒಳಗೆ ಬಿಡುವುದಿಲ್ಲ. ಶಾಲೆಯೊಳಗೂ ಶೂ ಬಿಡಬೇಕು, ಅಲ್ಲಿನ ಚಪ್ಪಲಿ ದೊಡ್ಡ ಕಾಲಿಗೆ ಆಗುವುದಿಲ್ಲ. ಒಂದು ಜೊತೆ ಒಳಗಿನ ಚಪ್ಪಲಿ ಚೀಲದಲ್ಲಿರಲಿ. ಅಲ್ಲಿನ ಮಕ್ಕಳು ಲೈನ್ ಆ್ಯಪ್‌ನಲ್ಲಿ ಮಾತಾಡುತ್ತಾರೆ. ಅದಕ್ಕೆ ಸೇರಲು ಫೋನ್ ನಂಬರ್ ಬೇಕು, ಆದ್ದರಿಂದ ಹೊರಡುವ ಮೊದಲೇ ಖಾತೆ ತೆರೆಯಲಿ. ಬೇರೆ ಮಕ್ಕಳ ಮುಖ ಇರುವ ಫೋಟೋ ಹಾಕುವ ಮುಂಚೆ ಶಾಲೆಯನ್ನು ಕೇಳಬೇಕು.

ಹಂತ 8: ಅಲ್ಲಿನ ದಿನಗಳು

ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಟೋಕಿಯೊದಲ್ಲಿ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಗುಂಪನ್ನು ಲೋಕಲ್ ರೈಲಿಗೆ ಹತ್ತಿಸಬೇಡಿ.

ರೈಲು ನಿಲ್ದಾಣದ ನಿಯಮ ಒಂದೇ, ಅದನ್ನು ದಿನಾ ಹೇಳಿಸಿ. ಪ್ಲಾಟ್‌ಫಾರ್ಮಿನಲ್ಲಿ ಉಳಿದುಬಿಟ್ಟರೆ ಅಲ್ಲೇ ನಿಲ್ಲು, ಮುಂದಿನ ರೈಲು ಹತ್ತಬೇಡ, ನಾವು ವಾಪಸ್ ಬರುತ್ತೇವೆ. ರೈಲಿನಲ್ಲಿ ಉಳಿದುಬಿಟ್ಟರೆ ಮುಂದಿನ ನಿಲ್ದಾಣದಲ್ಲಿ ಇಳಿದು ಗೇಟಿನ ಪಕ್ಕದ ಸಿಬ್ಬಂದಿ ಹತ್ತಿರ ನಿಲ್ಲು. ಹಿರಿಯರೊಬ್ಬರು ಯಾವಾಗಲೂ ಕೊನೆಗೆ ಹತ್ತಬೇಕು. ತಲೆ ಎಣಿಸುವುದು ಹತ್ತುವ ಮೊದಲು ಒಂದು ಸಲ, ಹತ್ತಿದ ಮೇಲೆ ಇನ್ನೊಂದು ಸಲ.

ರಾತ್ರಿ ಹನ್ನೊಂದರ ಮೇಲೆ 18 ಆಗದವರು ಹೊರಗೆ ತಿರುಗುವುದಕ್ಕೆ ಟೋಕಿಯೊದಂಥ ಪ್ರಾಂತ್ಯಗಳಲ್ಲಿ ತಡೆಯಿದೆ. ಮದ್ಯ, ಸಿಗರೇಟಿಗೆ 20 ಆಗಿರಬೇಕು. ನಗದು ಸ್ವಲ್ಪ ಇರಲಿ, ಜೊತೆಗೆ ನಾಣ್ಯದ ಪುಟ್ಟ ಪರ್ಸ್. ಸೆವೆನ್ ಬ್ಯಾಂಕ್ ಎಟಿಎಂಗಳು ಹೊರದೇಶದ ಕಾರ್ಡ್ ತೆಗೆದುಕೊಳ್ಳುತ್ತವೆ. ಟಿಪ್ಸ್ ಕೊಡುವುದಿಲ್ಲ.

ಹಿರೋಶಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಹೋಗುವುದಾದರೆ ಬೆಳಗ್ಗೆ ಹೋಗಿ, ಮಧ್ಯಾಹ್ನ ಖಾಲಿ ಬಿಡಿ. ಮಕ್ಕಳಿಗೆ ಕೂತು ಸುಮ್ಮನಿರಲು ಸಮಯ ಬೇಕು. ಅಲ್ಲಿಂದ ಸೀದಾ ಶಾಪಿಂಗ್‌ಗೆ ಕರೆದೊಯ್ಯುವುದನ್ನು ನೋಡಿದ್ದೇನೆ. ಬೇಡ ಅನ್ನಿಸುತ್ತದೆ.

ಎಚ್ಚರಿಕೆಯ ಗುರುತುಗಳು: ಎರಡು ಊಟ ಬಿಟ್ಟ ಮಗು, ದಿನವಿಡೀ ಮನೆಗೆ ಮೆಸೇಜ್ ಮಾಡುತ್ತಲೇ ಇರುವ ಮಗು, ಹೋಮ್‌ಸ್ಟೇಯಲ್ಲಿ ಕೋಣೆ ಬಿಟ್ಟು ಹೊರಬರದ ಮಗು. ದಿನಕ್ಕೊಂದು ಸಲ ಪ್ರತಿ ಮಗುವಿನ ಜೊತೆ ಎರಡು ನಿಮಿಷ ಒಂಟಿಯಾಗಿ ಮಾತಾಡಿ. ‘ಚೆನ್ನಾಗಿದ್ದೀಯಾ?’ ಅಂದರೆ ‘ಹೂಂ’ ಅಂತಾರೆ. ‘ನಿನ್ನೆ ರಾತ್ರಿ ಎಷ್ಟೊತ್ತಿಗೆ ನಿದ್ದೆ ಬಂತು?’ ಅಂತ ಕೇಳಿ.

ಹಂತ 9: ತುರ್ತು

ಪೊಲೀಸ್ 110. ಆಂಬುಲೆನ್ಸ್, ಅಗ್ನಿಶಾಮಕ 119. ಜೆಎನ್‌ಟಿಒದ ಪ್ರವಾಸಿ ಸಹಾಯವಾಣಿ 050-3816-2787, ದಿನದ 24 ಗಂಟೆಯೂ ಇಂಗ್ಲಿಷ್ ಮಾತಾಡುವವರು ಸಿಗುತ್ತಾರೆ. ಈ ಮೂರನ್ನೂ, ತಂಗಿರುವ ಜಾಗದ ಜಪಾನಿ ವಿಳಾಸವನ್ನೂ ಮಕ್ಕಳ ಕುತ್ತಿಗೆಯ ಕಾರ್ಡಿನಲ್ಲಿ ಬರೆಯಿರಿ.

ಭೂಕಂಪದ ಮುನ್ಸೂಚನೆ ಬಂದಾಗ ಎಲ್ಲ ಫೋನ್‌ಗಳೂ ಒಟ್ಟಿಗೆ ಕಿರುಚುತ್ತವೆ. ಆ ಸದ್ದನ್ನು ಮೊದಲೇ ಕೇಳಿಸಿ, ಇಲ್ಲದಿದ್ದರೆ ಭೂಮಿಗಿಂತ ಮೊದಲು ಮಕ್ಕಳೇ ನಡುಗುತ್ತಾರೆ. ಮೇಜಿನ ಕೆಳಗೆ ಸೇರುವುದು, ತಲೆ ಮುಚ್ಚುವುದು, ಹೊರಗೆ ಓಡದಿರುವುದು. ಸಮುದ್ರದ ಹತ್ತಿರವಿದ್ದರೆ ನಡುಕ ನಿಂತ ಕೂಡಲೇ ಎತ್ತರದ ಜಾಗಕ್ಕೆ.

ಆಸ್ಪತ್ರೆಯಲ್ಲಿ ಹೊರದೇಶದವರು ಬಹಳ ಸಲ ದುಡ್ಡು ಮೊದಲು ಕಟ್ಟಿ ಆಮೇಲೆ ವಿಮೆಯಿಂದ ಪಡೆಯಬೇಕಾಗುತ್ತದೆ. ಮಿತಿ ದೊಡ್ಡದಿರುವ ಕಾರ್ಡ್ ಒಬ್ಬ ಹಿರಿಯರ ಬಳಿ ಇರಲೇಬೇಕು.

ಹಂತ 10: ವಾಪಸ್ ಬಂದ ಮೇಲೆ

ಎರಡು ವಾರದೊಳಗೆ ಪ್ರತಿ ಮಗು ತಾನಿದ್ದ ಮನೆಗೆ ಕೈಯಲ್ಲಿ ಬರೆದ ಪತ್ರ ಕಳಿಸಲಿ. ಮೆಸೇಜ್ ಅಲ್ಲ, ಕಾಗದ. ಆ ಮನೆಯ ಒಂದು ಸಂಗತಿಯಾದರೂ ಅದರಲ್ಲಿರಲಿ, ನಾಯಿಯ ಹೆಸರೋ, ಅಜ್ಜಿ ಕಲಿಸಿದ ಒರಿಗಾಮಿಯೋ. ಒಂದೇ ಒಕ್ಕಣೆಯನ್ನು ಹದಿನಾಲ್ಕು ಮಕ್ಕಳಿಂದ ನಕಲು ಮಾಡಿಸಿದರೆ ಅವರಿಗೆ ಗೊತ್ತಾಗಿಬಿಡುತ್ತದೆ, ಹಳ್ಳಿಯಲ್ಲಿ ಮನೆಮನೆಯವರು ಪತ್ರಗಳನ್ನು ಹೋಲಿಸಿ ಓದುತ್ತಾರೆ. ಮುಂದಿನ ವರ್ಷವೂ ಹೋಗುವ ಯೋಚನೆ ಇದ್ದರೆ ಡಿಸೆಂಬರ್‌ ಮುಗಿಯುವ ಮೊದಲೇ ಆ ಕಚೇರಿಗೆ, ಶಾಲೆಗೆ ಬರೆದು ದಿನಾಂಕ ಕೇಳಿ. ಅವರ ಮುಂದಿನ ವರ್ಷದ ವೇಳಾಪಟ್ಟಿ ಏಪ್ರಿಲ್‌ಗೆ ಮುಂಚೆಯೇ ತಯಾರಾಗಿರುತ್ತದೆ.